ಪ್ರಾಣಿಗಳ ಬಗ್ಗೆ ಒಂದು ವಿಡಿಯೋ ಕೋರ್ಸ್: ಘೇಂಡಾಮೃಗಕ್ಕೋಸ್ಕರ ನೋಡಿ

ಕಲೆ, ಇತಿಹಾಸ, ಜಾನಪದದಲ್ಲಿ ಪ್ರಾಣಿಗಳೂ ಮನುಷ್ಯರೂ ಅನ್ನೋ ಆನ್‌ಲೈನ್ ಕೋರ್ಸ್ ಮುಗಿಸಿದೆ. ಐದಕ್ಕೆ ಮೂರೂವರೆ ಸ್ಟಾರ್, ಅದ್ರಲ್ಲೂ ಅರ್ಧ ಬರೀ ಜರ್ಮನ್ ಕಲಾವಿದ ಡ್ಯೂರರ್ ಪಾಠಕ್ಕೆ.

ಗುಜರಾತಿನ ಸುಲ್ತಾನ ಪೋರ್ಚುಗೀಸರಿಗೆ ಕೊಟ್ಟ ಘೇಂಡಾಮೃಗ 1515ರಲ್ಲಿ ಹಡಗಲ್ಲಿ ಲಿಸ್ಬನ್ ತಲುಪುತ್ತೆ, ಅದನ್ನ ಕಣ್ಣಾರೆ ನೋಡದ ಆಲ್ಬ್ರೆಕ್ಟ್ ಡ್ಯೂರರ್ ಜರ್ಮನಿಯಲ್ಲಿ ಕೂತ್ಕೊಂಡು ಯಾರೋ ಕಳಿಸಿದ ವಿವರಣೆ, ಒಂದು ಸ್ಕೆಚ್ ನಂಬ್ಕೊಂಡು ಮರದಚ್ಚಲ್ಲಿ ಚಿತ್ರ ಮಾಡ್ತಾನೆ. ಮೈತುಂಬಾ ಯುದ್ಧದ ಕವಚ ತೊಡಿಸಿದ ಹಾಗೆ ತಗಡು ತಗಡು, ಕಾಲಿಗೆ ಮೀನಿನ ಥರ ಹುರುಪೆ, ಹೆಗಲ ಮೇಲೆ ನಿಜದಲ್ಲಿ ಇಲ್ದೇ ಇರೋ ಇನ್ನೊಂದು ಪುಟ್ಟ ಕೊಂಬು! ಈ ತಪ್ಪು ಚಿತ್ರಾನೇ ಯುರೋಪಿನಲ್ಲಿ ಇನ್ನೂರು ವರ್ಷಕ್ಕೂ ಜಾಸ್ತಿ ಅಸಲಿ ಅಂತ ನಡೀತು. ಆ ಪ್ರಾಣಿ ಪಾಪ, ಪೋಪ್‌ಗೆ ಕಾಣಿಕೆ ಅಂತ ಮತ್ತೆ ಹಡಗು ಹತ್ತಿಸಿದ್ರು, 1516ರಲ್ಲಿ ಇಟಲಿ ಹತ್ರ ಹಡಗು ಮುಳುಗಿ ಅದೂ ಹೋಯ್ತು. ಮೇಷ್ಟ್ರು ಚಿತ್ರಾನ ಅಲ್ಲಾಡಿಸದೆ ನಿಲ್ಲಿಸಿ, ಒಂದೊಂದೇ ಗೆರೆ ತೋರಿಸ್ಕೊಂಡು ಹೇಳ್ತಾರೆ, ಸಾವಕಾಶವಾಗಿ ನೋಡೋಕಾಗುತ್ತೆ.

ಇದೇ ತಾಳ್ಮೆ ಶೋವೆ ಗುಹೆ ಪಾಠದಲ್ಲಿ ಯಾಕಿಲ್ಲ? 1994ರಲ್ಲಿ ಫ್ರಾನ್ಸಲ್ಲಿ ಸಿಕ್ಕ ಗುಹೆ, ಗೋಡೆ ಮೇಲೆ ಸಿಂಹ, ಕುದುರೆ, ಘೇಂಡಾಮೃಗ, ಮೂವತ್ತು ಸಾವಿರ ವರ್ಷಕ್ಕಿಂತ ಹಳೇದು, ಮನುಷ್ಯರ ಚಿತ್ರ ಹುಡುಕಿದ್ರೂ ಸಿಗೋದು ಕಷ್ಟ. ಇಷ್ಟು ಸರಕಿದ್ದೂ ಕ್ಯಾಮೆರಾ ಸುಯ್ ಅಂತ ತಿರುಗುತ್ತೆ, ಮೇಲೆ ಡಮರು ಮ್ಯೂಸಿಕ್ ಬೇರೆ. ವಿಡಿಯೋ ನಿಲ್ಲಿಸಿ ನೋಡಿದ್ರೆ ಚಿತ್ರ ಮಸುಕು.

ಇತಿಹಾಸದ ಭಾಗ ಚಿಕ್ಕದು ಆದ್ರೆ ಗಟ್ಟಿ. 1386ರಲ್ಲಿ ಫ್ರಾನ್ಸಿನ ಫಲೇಜ್‌ನಲ್ಲಿ ಮಗುನ ಕೊಂದಿದ್ದಕ್ಕೆ ಒಂದು ಹೆಣ್ಣು ಹಂದಿಗೆ ಮರಣದಂಡನೆ ಕೊಟ್ರಂತೆ, ಅದೂ ಕೋರ್ಟಲ್ಲಿ ವಿಚಾರಣೆ ನಡೆಸಿ! ಪ್ರಾಣಿಗೆ ಬುದ್ಧಿ ಇಲ್ಲ ಅಂತಿದ್ದ ಜನಾನೇ ಅದನ್ನ ಕಟಕಟೆಗೆ ತಂದಿದ್ರಲ್ಲ, ಇದರ ಬಗ್ಗೆ ಇನ್ನರ್ಧ ಗಂಟೆ ಮಾತಾಡಿದ್ರೂ ಕೇಳ್ತಿದ್ದೆ.

ಜಾನಪದಕ್ಕೆ ಬಂದ್ರೆ ಸಪ್ಪೆ. ನರಿ ಅಂದ್ರೆ ಕುತಂತ್ರ, ಸಿಂಹ ಅಂದ್ರೆ ಧೈರ್ಯ, ಗೂಬೆ ಅಂದ್ರೆ ಜ್ಞಾನ ಅಂತ ಪಟ್ಟಿ ಓದಿ ಮುಗಿಸ್ತಾರೆ. ಅಲ್ಲಾ ಸ್ವಾಮಿ, ಜಪಾನಲ್ಲಿ ನರಿ ಇನಾರಿ ದೇವರ ದೂತ, ಹೆಂಗಸಿನ ವೇಷದಲ್ಲಿ ಬಂದು ಸಂಸಾರನೂ ಮಾಡುತ್ತೆ. ಗ್ರೀಸಲ್ಲಿ ಗೂಬೆ ಜ್ಞಾನದ ದೇವತೆ ಅಥೀನಾ ಜೊತೆಗಿರೋದು, ನಮ್ಮಲ್ಲಿ ಲಕ್ಷ್ಮಿ ವಾಹನ ಅಂದ್ರೂ ಕೂಗಿದ್ರೆ ಅಪಶಕುನ. ಪ್ರಾಣಿ ಒಂದೇ ಇದ್ರೂ ಜನ ಕಟ್ಟಿದ ಕಥೆ ಯಾಕೆ ಬೇರೆ ಬೇರೆ ಅನ್ನೋದೇ ಕೇಳ್ಬೇಕಾದ ಪ್ರಶ್ನೆ, ಅದನ್ನೇ ಬಿಟ್ಟಿದಾರೆ.

ಕ್ವಿಜ್ ಬಿಟ್ಟಾಕಿ, ಇಸವಿ ಬಾಯಿಪಾಠ ಅಷ್ಟೆ. ಚಿತ್ರಗಳ ಪಿಡಿಎಫ್ ಮಾತ್ರ ಮೊದಲೇ ಡೌನ್‌ಲೋಡ್ ಮಾಡ್ಕೊಳ್ಳಿ, ವಿಡಿಯೋಗಿಂತ ಅದ್ರಲ್ಲೇ ಸ್ಪಷ್ಟವಾಗಿ ಕಾಣುತ್ತೆ.