ಫೋಟೋ ಸ್ಪರ್ಧೆಗೆ ಕಳಿಸೋ ಮುಂಚೆ ಆ ಹನ್ನೊಂದನೇ ನಿಯಮ ಓದಿ

ನಾನು ಫೋಟೋ ತೆಗೆದೇ ಹೊಟ್ಟೆ ಹೊರೆಯುವವನು. ಹೆಚ್ಚಾಗಿ ಪತ್ರಿಕೆಗಳ ಅಸೈನ್‌ಮೆಂಟ್, ನಡುವೆ ಸಿಕ್ಕಿದ ಕೆಲಸ. ಸ್ಪರ್ಧೆಗಳ ಹುಚ್ಚು ಅಷ್ಟಾಗಿ ಇರಲಿಲ್ಲ. ಆದರೆ ಕಳೆದ ವರ್ಷ ನನ್ನ 85 ಎಂಎಂ ಲೆನ್ಸ್‌ಗೆ ಫಂಗಸ್ ಬಂತು. ಟಾರ್ಚ್ ಬಿಟ್ಟು ನೋಡಿದರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆ ಥರ ಎಳೆಗಳು. ತಿಂಗಳುಗಟ್ಟಲೆ ಬ್ಯಾಗಿನಲ್ಲಿ ಮುಚ್ಚಿಟ್ಟವನು ನಾನೇ, ಯಾರನ್ನು ಬೈಯಲಿ. ಅದೇ ಹೊತ್ತಿಗೆ ಕಣ್ಣಿಗೆ ಬಿದ್ದ ಒಂದು ಸ್ಪರ್ಧೆಯ ಮೊದಲ ಬಹುಮಾನ ಹೊಸ 85. ವಿಷಯ, ದುಡಿಯುವ ಕೈಗಳು. ಆಸೆ ಆಯಿತು.

ಅದಕ್ಕೆ ಹೇಳಿ ಮಾಡಿಸಿದಂಥ ಚಿತ್ರ ನನ್ನ ಹತ್ತಿರ ಇತ್ತು. ಒಂದು ಪತ್ರಿಕೆಗೆ ವಾಚ್ ರಿಪೇರಿ ಮಾಡುವ ಹಿರಿಯರೊಬ್ಬರನ್ನು ತೆಗೆದಿದ್ದೆ. ಒಂದು ಕಣ್ಣಿಗೆ ಭೂತಗನ್ನಡಿ, ಚಿಮುಟದ ತುದಿಯಲ್ಲಿ ಕೂದಲಿಗಿಂತ ಸಣ್ಣ ಸ್ಪ್ರಿಂಗು, ಹಿಂದೆ ಗೋಡೆ ತುಂಬ ಗಡಿಯಾರ. ಕಿಟಕಿಯ ಬೆಳಕು ಕಮ್ಮಿ ಇತ್ತು, ಟ್ರೈಪಾಡ್ ಇಡಲು ಜಾಗ ಇರಲಿಲ್ಲ, ಅವರು ಸ್ಪ್ರಿಂಗು ಕೂರಿಸುವಾಗ ಉಸಿರು ಹಿಡಿಯುತ್ತಿದ್ದರು, ಆಗ ನಾನೂ ಉಸಿರು ಹಿಡಿದು ಕ್ಲಿಕ್ ಮಾಡುತ್ತಿದ್ದೆ. ನನ್ನ ಕೈ ಅಲುಗಿತು, ಹತ್ತರಲ್ಲಿ ಎಂಟು ಮಸುಕು. ಅವರ ಕೈ ಒಂದು ಫ್ರೇಮಿನಲ್ಲೂ ಅಲುಗಿರಲಿಲ್ಲ.

ಒಂದು ವರ್ಷ ಬೇರೆ ಎಲ್ಲೂ ಕೊಡಬಾರದು ಅಂತ ಪತ್ರಿಕೆಯ ಜೊತೆ ಒಪ್ಪಂದ ಇತ್ತು. ಸ್ಪರ್ಧೆ ಅಂದರೆ ಪ್ರಕಟಣೆ ಅಲ್ವಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು ಎಂಟ್ರಿ ಫೀ ಕಟ್ಟಿ ಕಳಿಸಿದೆ. ಜೊತೆಗೇ ರಾ ಫೈಲ್, ಅಂದರೆ ಕ್ಯಾಮೆರಾದಿಂದ ಬಂದ ತಿದ್ದದ ಮೂಲ ಫೈಲ್ ಕೂಡ ಕೇಳಿದ್ದರು, ಅದನ್ನೂ ಕೊಟ್ಟೆ.

ಇಲ್ಲೇ ನನಗೆ ಅನುಮಾನ ಬರಬೇಕಿತ್ತು. ರಾ ಅಂದರೆ ಹಳೇ ಕಾಲದ ನೆಗೆಟಿವ್ ಇದ್ದ ಹಾಗೆ, ಸುಮ್ನೆ ಯಾರ ಕೈಗೂ ಕೊಡುವುದಲ್ಲ. ವರ್ಲ್ಡ್ ಪ್ರೆಸ್ ಫೋಟೋದಂಥ ದೊಡ್ಡ ಸ್ಪರ್ಧೆಯವರೂ ಕೇಳುತ್ತಾರೆ ನಿಜ, ಆದರೆ ಮುಂದಿನ ಸುತ್ತುಗಳಿಗೆ ಬಂದವರಿಂದ ಮಾತ್ರ, ಚಿತ್ರ ತಿದ್ದಿದ್ದಾರಾ ಅಂತ ನೋಡೋಕೆ. 2015ರಲ್ಲಿ ಹಾಗೆ ಹೋಲಿಸಿ ನೋಡಿ, ಕೊನೆಯದಕ್ಕೆ ಹಿಂದಿನ ಸುತ್ತಿಗೆ ಬಂದಿದ್ದ ಚಿತ್ರಗಳಲ್ಲಿ ಸುಮಾರು ಶೇ. 20ರಷ್ಟನ್ನು ಹೊರಗಿಟ್ಟರು. ಅಲ್ಲಿ ಎಂಟ್ರಿ ಫೀಯೂ ಇಲ್ಲ. ಇವರು ಮೊದಲ ದಿನವೇ ಎಲ್ಲರಿಂದ ದುಡ್ಡೂ ತಗೊಂಡರು, ರಾ ಕೂಡ ತಗೊಂಡರು.

ಬಹುಮಾನ ಬರಲಿಲ್ಲ. 'ಆಯ್ಕೆಯಾಗಿದ್ದೀರಿ, ಪ್ರದರ್ಶನದ ಪ್ರಿಂಟ್‌ಗೆ ಇಷ್ಟು ಕಟ್ಟಿ' ಅಂತ ಒಂದು ಮೇಲ್ ಬಂತು, ಕಟ್ಟಲಿಲ್ಲ, ಅಲ್ಲಿಗೆ ಮರೆತೆ.

ಆರು ತಿಂಗಳಾದ ಮೇಲೆ ಗೆಳೆಯನೊಬ್ಬ ಸ್ಕ್ರೀನ್‌ಶಾಟ್ ಕಳಿಸಿದ. ಯಾವುದೋ ಮಾತ್ರೆಯ ಜಾಹೀರಾತು. ನನ್ನದೇ ಫೋಟೋ, ಅದರ ಮೇಲೆ ದಪ್ಪ ಅಕ್ಷರದಲ್ಲಿ, 'ಕೈ ನಡುಗುತ್ತಿದೆಯೇ?'

ಆ ವಾಚ್ ರಿಪೇರಿಯವರು ಬದುಕುತ್ತಿರುವುದೇ ನಡುಗದ ಕೈಯಿಂದ.

ಸ್ಪರ್ಧೆಯವರಿಗೆ ಬರೆದೆ. ಹನ್ನೊಂದನೇ ನಿಯಮ ನೋಡಿ ಅಂತ ಒಂದೇ ಸಾಲಿನ ಉತ್ತರ ಬಂತು. ಹೋಗಿ ನೋಡಿದೆ. 'ಕಾಪಿರೈಟ್ ನಿಮ್ಮದೇ ಆಗಿರುತ್ತದೆ' ಅಂತ ಶುರುವಾಗುತ್ತೆ, ಕಳಿಸುವ ದಿನ ನಾನು ಓದಿದ್ದು ಅಷ್ಟೇ. ಅದರ ಮುಂದಿನ ವಾಕ್ಯದಲ್ಲಿ, ಗೆದ್ದವು ಮಾತ್ರ ಅಲ್ಲ, ಬಂದ ಪ್ರತಿಯೊಂದು ಚಿತ್ರವನ್ನೂ ಎಲ್ಲಿ ಬೇಕಾದರೂ, ಎಷ್ಟು ಕಾಲ ಬೇಕಾದರೂ, ದುಡ್ಡು ಕೊಡದೆ, ಬದಲಾಯಿಸಿ, ಬೇರೆಯವರಿಗೂ ಕೊಟ್ಟು ಬಳಸುವ ಹಕ್ಕು ಅವರಿಗೆ ಅಂತಿದೆ, ಆ ಹಕ್ಕನ್ನು ನಾವು ವಾಪಸ್ ತಗೊಳ್ಳುವ ಹಾಗೂ ಇಲ್ಲ. ಅಂದರೆ ಕಾಪಿರೈಟ್ ನನ್ನ ಹತ್ತಿರವೇ ಇದೆ, ಖಾಲಿ ಪರ್ಸ್ ಥರ.

ಇದಕ್ಕಿಂತ ಕೆಟ್ಟದ್ದು ಹನ್ನೆರಡನೆಯದು. ಚಿತ್ರದಲ್ಲಿರುವವರ ಒಪ್ಪಿಗೆ ಪತ್ರ, ಅದೇ ಮಾಡೆಲ್ ರಿಲೀಸ್, ನಾವು ತಗೊಂಡಿದ್ದೇವೆ ಅಂತ ಮಾತು ಕೊಟ್ಟ ಹಾಗೆ ಲೆಕ್ಕ, ನಾಳೆ ತಕರಾರು ಬಂದರೆ ಖರ್ಚೆಲ್ಲ ನಮ್ಮ ತಲೆಗೆ. ನನ್ನ ಹತ್ತಿರ ರಿಲೀಸ್ ಇರಲಿಲ್ಲ. ಸುದ್ದಿ ಚಿತ್ರಕ್ಕೆ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ, ಜಾಹೀರಾತಿನ ಕಥೆ ಬೇರೆ.

ಪತ್ರಿಕೆಯವರು ಆಮೇಲೆ ಕೆಲಸ ಕೊಟ್ಟಿಲ್ಲ. ಅದು ನನ್ನ ತಪ್ಪು, ಒಪ್ಪಿದೆ. ಆದರೆ ಆ ಹಿರಿಯರನ್ನು ನೋಡಲು ಹೋದ ದಿನ ಇದೆಯಲ್ಲ, ಅದು ಬೇಡವಾಗಿತ್ತು. ಬಂದ ಗಿರಾಕಿಗಳು ಕೈ ಹೇಗಿದೆ ಅಂತ ವಿಚಾರಿಸುತ್ತಿದ್ದಾರಂತೆ, ಇಬ್ಬರು ಬಿಚ್ಚಿಟ್ಟ ವಾಚನ್ನು ಹಾಗೇ ವಾಪಸ್ ತಗೊಂಡು ಹೋದರಂತೆ. ಬೈಯಲಿಲ್ಲ. 'ಎಷ್ಟು ಕೊಟ್ಟರಪ್ಪಾ ನಿನಗೆ?' ಅಂತ ಕೇಳಿದರು. ಏನೂ ಕೊಡಲಿಲ್ಲ, ನಾನೇ ಕಟ್ಟಿದ್ದೆ ಅಂತ ಹೇಳಿದೆ. ನಂಬಿದ ಹಾಗೆ ಕಾಣಲಿಲ್ಲ.

ಈಗ ಯಾವ ಸ್ಪರ್ಧೆ ಆದರೂ ಮೊದಲು ಹಕ್ಕಿನ ನಿಯಮ ನೋಡುತ್ತೇನೆ. ಸ್ಪರ್ಧೆಯ ಪ್ರಚಾರಕ್ಕೆ, ಇಷ್ಟು ಅವಧಿಗೆ, ಹೆಸರು ಹಾಕಿ ಅಂತ ಬರೆದಿದ್ದರೆ ಸರಿ. 'ಯಾವುದೇ ಉದ್ದೇಶಕ್ಕೆ' ಅಂತ ಕಂಡರೆ ಅಲ್ಲೇ ಮುಚ್ಚುತ್ತೇನೆ, ಬಹುಮಾನ ಏನೇ ಇರಲಿ. ಅಸೈನ್‌ಮೆಂಟ್ ಚಿತ್ರವಾದರೆ ಕೊಟ್ಟವರನ್ನು ಕೇಳದೆ ಕಳಿಸಲ್ಲ. ನಿಯಮಗಳ ಪುಟವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ, ಯಾಕೆಂದರೆ ಇವರು ನನ್ನ ಮೇಲ್ ಬಂದ ಮೇಲೆ ಹನ್ನೆರಡನೆಯದನ್ನು ಸ್ವಲ್ಪ ತಿದ್ದಿದ್ದಾರೆ, ನನ್ನ ಹತ್ತಿರ ಹಳೆಯದಿಲ್ಲ.

ನಾನು ಬೇಡಿಕೊಂಡ ಮೇಲೆ ಮಾತ್ರೆಯವರು ಜಾಹೀರಾತು ತೆಗೆದರು. ಕಳೆದ ವಾರ ಅದೇ ಚಿತ್ರ ಯಾವುದೋ ಎಣ್ಣೆಯ ಜಾಹೀರಾತಿನಲ್ಲಿ ಸಿಕ್ಕಿತು. ಈ ಸಲ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿದ್ದರು, ಹಿಂದಿನ ಗೋಡೆಯ ಗಡಿಯಾರಗಳ ಅಂಕಿಗಳೆಲ್ಲ ಉಲ್ಟಾ.