ಗ್ನೂ ಲಿಬ್‌ಟೂಲ್: ವರ್ಷನ್-ಇನ್ಫೋ ಲೆಕ್ಕ ಗೊತ್ತಿದ್ದರೆ ಇಂದಿಗೂ ಗಟ್ಟಿ

ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಶೇರ್ಡ್ ಲೈಬ್ರರಿ ಕಟ್ಟುವ ಕ್ರಮ ಒಂದೊಂದು ಯೂನಿಕ್ಸ್‌ನಲ್ಲಿ ಒಂದೊಂದು ಥರ. ಲಿನಕ್ಸ್‌ನಲ್ಲಿ ಡಾಟ್-ಎಸ್‌ಒ, ಮ್ಯಾಕ್‌ನಲ್ಲಿ ಡೈಲಿಬ್; ಐಬಿಎಂನ ಎಐಎಕ್ಸ್‌ನಲ್ಲಂತೂ ಶೇರ್ಡ್ ಆಬ್ಜೆಕ್ಟನ್ನು ಆರ್ಕೈವ್ ಫೈಲಿನೊಳಗೇ ಇಡುವ ರೂಢಿ. ಫ್ಲ್ಯಾಗ್‌ಗಳೂ ಬೇರೆ ಬೇರೆ. ಈ ತಲೆನೋವನ್ನೆಲ್ಲ ಲಿಬ್‌ಟೂಲ್ ಎಂಬ ಈ ಬಿಲ್ಡ್ ಸಾಧನ ತನ್ನ ಮೇಲೆ ಹಾಕಿಕೊಳ್ಳುತ್ತದೆ, ಅದನ್ನು ಚೆನ್ನಾಗಿಯೇ ನಿಭಾಯಿಸುತ್ತದೆ.

ಒಂದು ಸಿ ಫೈಲ್ ಕೊಟ್ಟರೆ ಅದು ಎರಡು ಸಲ ಕಂಪೈಲ್ ಮಾಡುತ್ತದೆ. ಶೇರ್ಡ್ ಲೈಬ್ರರಿಗೆ ಬೇಕಾದ ಪಿಐಸಿ (ಮೆಮೊರಿಯಲ್ಲಿ ಎಲ್ಲಿ ಕೂತರೂ ಓಡುವ ಕೋಡ್) ಆಬ್ಜೆಕ್ಟ್ ‘ಡಾಟ್-ಲಿಬ್ಸ್’ ಫೋಲ್ಡರಿಗೆ ಹೋಗುತ್ತದೆ, ಪ್ರೋಗ್ರಾಂ ಒಳಗೇ ಸೇರಿಹೋಗುವ ಸ್ಟ್ಯಾಟಿಕ್ ಲೈಬ್ರರಿಯದು ಹೊರಗೆ ಉಳಿಯುತ್ತದೆ. ಸ್ಟ್ಯಾಟಿಕ್ ಬೇಡವೆಂದರೆ ಕಾನ್ಫಿಗರ್ ಸ್ಕ್ರಿಪ್ಟಿಗೆ ‘ಡಿಸೇಬಲ್-ಸ್ಟ್ಯಾಟಿಕ್’ ಕೊಡಿ, ಎರಡನೆಯ ಕಂಪೈಲ್ ತಪ್ಪುತ್ತದೆ. ಕೈಯಿಂದ ಲಿಂಕ್ ಮಾಡುವವರು ‘ಆರ್‌ಪಾಥ್’ ಫ್ಲ್ಯಾಗ್ ಮರೆಯಬಾರದು. ಇನ್‌ಸ್ಟಾಲ್ ಆಗುವ ಜಾಗವನ್ನು ಅದರಲ್ಲಿ ಹೇಳದಿದ್ದರೆ ಲಿಬ್‌ಟೂಲ್ ಎರರ್ ಕೊಡದೆ ಬರೀ ಕನ್ವೀನಿಯನ್ಸ್ ಆರ್ಕೈವ್ (ಬಿಲ್ಡ್‌ನ ಒಳಗಷ್ಟೇ ಬಳಸುವ ಸ್ಟ್ಯಾಟಿಕ್ ಲೈಬ್ರರಿ) ಮಾಡಿ ಸುಮ್ಮನಾಗುತ್ತದೆ. ಡಾಟ್-ಎಸ್‌ಒ ಎಲ್ಲಿ ಹೋಯಿತೆಂದು ಹುಡುಕುವವರಲ್ಲಿ ಬಹಳಷ್ಟು ಜನ ಎಡವಿರುವುದು ಇಲ್ಲೇ.

ಇದಕ್ಕಿಂತ ದೊಡ್ಡ ಅನಾಹುತ ಆಗುವುದು ಲೈಬ್ರರಿಯ ಆವೃತ್ತಿ ಹೇಳುವ ‘ವರ್ಷನ್-ಇನ್ಫೋ’ ಫ್ಲ್ಯಾಗ್‌ನಲ್ಲಿ. ಅಲ್ಲಿ ಕೊಡುವ ಕರೆಂಟ್ (ಈಗಿನ ಇಂಟರ್‌ಫೇಸ್), ರಿವಿಷನ್ (ಅದರ ತಿದ್ದುಪಡಿ), ಏಜ್ (ಹಿಂದಿನ ಎಷ್ಟು ಇಂಟರ್‌ಫೇಸ್‌ಗಳು ಇನ್ನೂ ನಡೆಯುತ್ತವೆ) ಎಂಬ ಮೂರು ಅಂಕಿಗಳಿಗೂ ನಿಮ್ಮ ರಿಲೀಸ್ ನಂಬರಿಗೂ ಸಂಬಂಧವೇ ಇಲ್ಲ. ಲಿನಕ್ಸ್‌ನಲ್ಲಿ ಕರೆಂಟ್‌ನಿಂದ ಏಜ್ ಕಳೆದರೆ ಬರುವುದು ಸೋನೇಮ್‌ನ, ಅಂದರೆ ಪ್ರೋಗ್ರಾಂ ಓಡುವಾಗ ಲೈಬ್ರರಿಯನ್ನು ಹುಡುಕುವ ಹೆಸರಿನ, ಅಂಕಿ. ರಿಲೀಸ್ 3.2.1 ಅಂತ 3:2:1 ಬರೆದಿರಿ ಎನ್ನಿ, ಫೈಲಿನ ಕೊನೆಗೆ ಬರುವುದು 2.1.2. ಮುಂದಿನ 3.3.0ಕ್ಕೆ 3:3:0 ಬರೆದರೆ 3.0.3. ಒಂದು ಫಂಕ್ಷನ್ನೂ ತೆಗೆದಿಲ್ಲ, ಆದರೂ ಸೋನೇಮ್ 2ರಿಂದ 3ಕ್ಕೆ ಹಾರಿತು. ಹಳೇ ಫೈಲ್ ತೆಗೆದ ಕೂಡಲೇ ಅದನ್ನು ನೆಚ್ಚಿದ ಪ್ರೋಗ್ರಾಂಗಳೆಲ್ಲ ಲೈಬ್ರರಿ ಸಿಗುತ್ತಿಲ್ಲ ಎಂದು ನಿಲ್ಲುತ್ತವೆ.

ಸರಿಯಾದ ಲೆಕ್ಕ ಹೀಗೆ. ಈಗ 3:2:1 ಇದ್ದು ಬರೀ ಬಗ್ ತಿದ್ದಿದ್ದರೆ 3:3:1. ಹೊಸ ಫಂಕ್ಷನ್ ಸೇರಿಸಿ ಹಳೆಯದನ್ನು ಮುಟ್ಟದಿದ್ದರೆ 4:0:2, ಸೋನೇಮ್ 2 ಆಗಿಯೇ ಉಳಿಯುತ್ತದೆ. ಹಳೆಯದನ್ನು ತೆಗೆದರೆ ಅಥವಾ ಬದಲಿಸಿದರೆ 4:0:0. ಪ್ರತಿ ರಿಲೀಸಿಗೆ ಮುಂಚೆ, ಒಂದೇ ಒಂದು ಸಲ ಬದಲಿಸಿ. ಪ್ರತಿ ಕಮಿಟ್‌ಗೂ ಅಲ್ಲ.

ಬಿಲ್ಡ್ ಫೋಲ್ಡರಿನಲ್ಲಿ ಕಾಣುವ ಪ್ರೋಗ್ರಾಂ ಎಷ್ಟೋ ಸಲ ಬೈನರಿಯೇ ಅಲ್ಲ, ಲಿಬ್‌ಟೂಲ್ ಬರೆದಿಟ್ಟ ಶೆಲ್ ಸ್ಕ್ರಿಪ್ಟ್. ಅದರ ಮೇಲೆ ನೇರವಾಗಿ ಜಿಡಿಬಿ ಡೀಬಗ್ಗರ್ ಓಡಿಸಿದರೆ ಫೈಲ್ ಫಾರ್ಮ್ಯಾಟ್ ಗೊತ್ತಾಗಲಿಲ್ಲ ಎನ್ನುತ್ತದೆ. ಲಿಬ್‌ಟೂಲ್‌ನ ಎಕ್ಸಿಕ್ಯೂಟ್ ಮೋಡ್‌ನಲ್ಲಿ ಜಿಡಿಬಿ ಕರೆಯಿರಿ.

ನಮಗೆ ಹಿಡಿಸದ್ದು ಲಿಬ್‌ಟೂಲ್ ಲೈಬ್ರರಿಯ ಜೊತೆ ಬರೆದಿಡುವ ಡಾಟ್-ಎಲ್‌ಎ ಫೈಲ್. ಒಂದು ಲೈಬ್ರರಿಗೆ ಬೇಕಾದ ಇತರ ಲೈಬ್ರರಿಗಳ ಪಟ್ಟಿ ಅದರಲ್ಲಿರುತ್ತದೆ. ನೇರವಾಗಿ ಬಳಸದವುಗಳೂ ನಿಮ್ಮ ಬೈನರಿಗೆ ಅಂಟಿಕೊಳ್ಳುತ್ತವೆ. ಡೆಬಿಯನ್ ಪ್ಯಾಕೇಜ್‌ಗಳಲ್ಲಿ ಇದನ್ನು ತೆಗೆದುಹಾಕುವುದು ವಾಡಿಕೆ. ಲಿಬ್‌ಟೂಲ್‌ನ ವೇಗವೂ ಕಡಿಮೆ; ಸಾವಿರಾರು ಸಾಲುಗಳ ಶೆಲ್ ಸ್ಕ್ರಿಪ್ಟ್ ಪ್ರತಿ ಫೈಲಿಗೂ ಹೊಸದಾಗಿ ಓಡಬೇಕು. 2015ರ 2.4.6 ಆದಮೇಲೆ 2.4.7 ಬಂದದ್ದು 2022ರಲ್ಲಿ, ಹಾಗಾಗಿ ಹಳೇ ಆವೃತ್ತಿ ಹೊತ್ತುಕೊಂಡ ಪ್ರಾಜೆಕ್ಟ್‌ಗಳು ಇನ್ನೂ ಬೇಕಾದಷ್ಟಿವೆ.

ಮ್ಯಾಕ್ ಬಳಸುವವರಿಗೊಂದು ಮಾತು: ಆ್ಯಪಲ್‌ನ ಲಿಬ್‌ಟೂಲ್ ಬೇರೆಯದೇ ಸಾಧನ. ಪ್ಯಾಕೇಜ್ ಹಾಕಿಕೊಡುವ ಹೋಮ್‌ಬ್ರೂ ಗ್ನೂ ಲಿಬ್‌ಟೂಲನ್ನು ‘ಜಿಲಿಬ್‌ಟೂಲ್’ ಹೆಸರಲ್ಲಿ ಹಾಕುತ್ತದೆ.

ಲಿನಕ್ಸ್ ಒಂದಕ್ಕೇ ಬರೆಯುವ ಸಣ್ಣ ಲೈಬ್ರರಿಗೆ ಗ್ನೂ ಲಿಬ್‌ಟೂಲ್ ಬೇಡ. ಜಿಸಿಸಿ ಕಂಪೈಲರಿಗೆ ಶೇರ್ಡ್ ಫ್ಲ್ಯಾಗ್, ಸೋನೇಮ್ ಕೊಟ್ಟರೆ ಸಾಕು. ಎಐಎಕ್ಸ್, ಸೋಲಾರಿಸ್‌ನಲ್ಲೂ ಓಡಬೇಕಾದ, ಈಗಾಗಲೇ ಆಟೋಟೂಲ್ಸ್ ಎಂಬ ಗ್ನೂ ಬಿಲ್ಡ್ ಸಾಧನಗಳಲ್ಲಿರುವ ಪ್ರಾಜೆಕ್ಟ್ ಆದರೆ ಕಣ್ಣುಮುಚ್ಚಿ ಇದನ್ನೇ ಇಟ್ಟುಕೊಳ್ಳಿ.