ತಿಂಗಳುಗಟ್ಟಲೆ ನಿಲ್ಲಿಸುವ ಹಳೆಯ ಕಾರಿಗೆ ತುಮಕೂರಿನಲ್ಲೊಂದು ನಂಬಿಕೆಯ ಗ್ಯಾರೇಜು

ಹಳೆಯ ಕಾರನ್ನು ಓಡುವ ಸ್ಥಿತಿಗೆ ತಂದುಕೊಡುವ ಮೇಸ್ತ್ರಿಗಳು ತುಮಕೂರಿನಲ್ಲಿ ಇನ್ನೂ ಕೆಲವರಿದ್ದಾರೆ. ಆದರೆ ಅದೇ ಕಾರನ್ನು ನಾಲ್ಕೈದು ತಿಂಗಳು ಓಡಿಸದೆ ನಿಲ್ಲಿಸಬೇಕಾಗಿದೆ, ಅದಕ್ಕೆ ತಕ್ಕಂತೆ ಸಿದ್ಧಪಡಿಸಿಕೊಡಿ ಎಂದರೆ ಅದನ್ನೊಂದು ಕೆಲಸವೆಂದು ಒಪ್ಪುವವರು ಕಡಿಮೆ. ಬ್ಯಾಟರಿಯ ವೈರು ಬಿಚ್ಚಿ ಮೇಲೊಂದು ಟಾರ್ಪಾಲು ಹೊದಿಸಿದರೆ ಸಾಕು ಎಂಬ ಉತ್ತರವೇ ಸಾಮಾನ್ಯ. ಅಂತರಸನಹಳ್ಳಿಯ ಕಡೆ, ಹೆಸರಿನ ಫಲಕವೂ ಇಲ್ಲದ ಒಂದು ಚಿಕ್ಕ ಗ್ಯಾರೇಜಿನವರು ಮಾತ್ರ ಇದನ್ನು ಬೇರೆಯೇ ಕೆಲಸವೆಂದು ತಿಳಿದು, ಕ್ರಮ ತಪ್ಪದೆ ಮಾಡಿಕೊಡುತ್ತಾರೆ. ನಮ್ಮ 1978ರ ಪ್ರೀಮಿಯರ್ ಪದ್ಮಿನಿಯನ್ನು ದೀಪಾವಳಿಗೆ ಮೊದಲು ಅವರಿಂದ ಸಿದ್ಧಪಡಿಸಿ ಶೆಡ್ಡಿನಲ್ಲಿ ನಿಲ್ಲಿಸಿದ್ದೆವು. ಯುಗಾದಿಯ ಹೊತ್ತಿಗೆ ಅದನ್ನು ಹೊರತೆಗೆದು, ಕೆಲವು ವಾರ ಓಡಿಸಿ ನೋಡಿದ ಮೇಲೆಯೇ ಈ ವಿಮರ್ಶೆ ಬರೆಯುತ್ತಿದ್ದೇನೆ.

ಅಡಿಕೆ ಕೊಯ್ಲು ಶುರುವಾದರೆ ನಾವು ಗುಬ್ಬಿ ತಾಲ್ಲೂಕಿನ ತೋಟದಲ್ಲೇ ಉಳಿಯುತ್ತೇವೆ; ಪಟ್ಟಣದ ಮನೆಗೆ ಬೀಗ, ಕಾರಿಗೆ ಶೆಡ್ಡು. ಹಿಮ ಬೀಳುವ ದೇಶಗಳಲ್ಲಿ ಹಳೆಯ ಕಾರುಗಳನ್ನು ಚಳಿಗಾಲದುದ್ದಕ್ಕೂ ಒಳಗಿಡುವ ಪದ್ಧತಿಯಿದೆ. ಅಲ್ಲಿ ರಸ್ತೆಗೆ ಸುರಿಯುವ ಉಪ್ಪು ತಗಡನ್ನು ತಿನ್ನುತ್ತದೆ, ರೇಡಿಯೇಟರಿನ ನೀರು ಹೆಪ್ಪುಗಟ್ಟಿ ಹಿಗ್ಗಿ ಎಂಜಿನ್ ಬ್ಲಾಕನ್ನೇ ಸೀಳಬಹುದು, ಚಾರ್ಜು ಇಳಿದ ಬ್ಯಾಟರಿಯೂ ಹೆಪ್ಪುಗಟ್ಟುತ್ತದೆ. ತುಮಕೂರಿನ ಮಾಗಿಯಲ್ಲಿ ಇವು ಯಾವುವೂ ಇಲ್ಲ. ನಮ್ಮ ಜಿಲ್ಲೆಗೆ ಹೆಚ್ಚು ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ; ಕಾರನ್ನು ಒಳಗಿಡುವ ಹೊತ್ತಿಗೆ ನೆಲ, ಗೋಡೆ, ಗಾಳಿ ಎಲ್ಲವೂ ತೇವವಾಗಿರುತ್ತವೆ. ಅದರ ಮೇಲೆ ಇಲಿಗಳ ಕಾಟ, ಕೊಳವೆ ಬಾವಿಯ ಗಡಸು ನೀರು, ಎಥೆನಾಲ್ ಬೆರೆತ ಪೆಟ್ರೋಲು. ಹೊರದೇಶದ ಸಲಹೆಗಳಲ್ಲಿ ಯಾವುದು ಇಲ್ಲಿಗೆ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂಬ ತಿಳಿವಳಿಕೆಯೇ ಈ ಗ್ಯಾರೇಜಿನ ಮೊದಲ ಗುಣ.

ಅವರು ಹೆಚ್ಚು ಸಮಯ ಕೊಟ್ಟದ್ದು ಪೆಟ್ರೋಲಿಗೆ, ಅದು ಸರಿಯೂ ಹೌದು. ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲಿನ ಮಾರಾಟ 2023ರ ಫೆಬ್ರವರಿಯಲ್ಲಿ ಆರಂಭವಾಗಿ, 2025ರ ಹೊತ್ತಿಗೆ ಬಂಕುಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲೇ ಅದಾಯಿತು. ಪದ್ಮಿನಿಯ ಕಾಲದ ರಬ್ಬರ್ ಪೈಪುಗಳು, ಪೆಟ್ರೋಲ್ ಪಂಪಿನ ಡಯಾಫ್ರಾಮ್ ಎಂಬ ತೆಳು ಪೊರೆ, ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿನ ವಾಷರುಗಳು ಇದನ್ನು ಗಮನದಲ್ಲಿಟ್ಟು ಮಾಡಿದವುಗಳಲ್ಲ. ಉಬ್ಬುತ್ತವೆ, ಮೆತ್ತಗಾಗುತ್ತವೆ, ಕೊನೆಗೆ ಬಿರಿಯುತ್ತವೆ. ದಿನವೂ ಓಡುವ ಗಾಡಿಯಲ್ಲಿ ಪೆಟ್ರೋಲು ಖಾಲಿಯಾಗಿ ಹೊಸದು ಬರುತ್ತಿರುತ್ತದೆ. ನಿಂತ ಗಾಡಿಯ ಟ್ಯಾಂಕಿನಲ್ಲಿ ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತಾ ಹೋಗುತ್ತದೆ. ಹೀರಿದ ನೀರು ಒಂದು ಮಿತಿ ದಾಟಿದರೆ ನೀರೂ ಎಥೆನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಎಂಜಿನ್ನಿಗೆ ಹೋಗುವ ಪೈಪು ಹೀರುವುದೂ ಆ ತಳದಿಂದಲೇ, ತಗಡು ಒಳಗಿನಿಂದ ತುಕ್ಕು ಹಿಡಿಯುವುದೂ ಆ ತಳದಲ್ಲೇ.

ಇದಕ್ಕೆ ಮೇಸ್ತ್ರಿಯವರು ಅನುಸರಿಸಿದ ಕ್ರಮ ಹೀಗಿತ್ತು. ಮೊದಲು ಹಳೆಯ ರಬ್ಬರ್ ಪೈಪುಗಳನ್ನೆಲ್ಲ ತೆಗೆದು ಎಥೆನಾಲ್ ತಡೆಯುವ ವೈಟಾನ್ ಪೈಪುಗಳನ್ನು ಹಾಕಿದರು. ಆಮೇಲೆ ಒಳಗೆ ಗಾಳಿಗೆ ಜಾಗ ಉಳಿಯದಂತೆ ಟ್ಯಾಂಕನ್ನು ಕತ್ತಿನವರೆಗೆ ತುಂಬಿಸಿ, ಪೆಟ್ರೋಲು ಕೆಡದಂತೆ ಕಾಯುವ ಸ್ಟೆಬಿಲೈಸರ್ ದ್ರಾವಣವನ್ನು ಅಳತೆಯಂತೆ ಬೆರೆಸಿ, ಆ ಮಿಶ್ರಣ ಕಾರ್ಬ್ಯುರೇಟರಿನವರೆಗೂ ತಲುಪುವಂತೆ ಗಾಡಿಯನ್ನು ಬಿ.ಎಚ್. ರಸ್ತೆಯಲ್ಲಿ ಕ್ಯಾತ್ಸಂದ್ರದವರೆಗೆ ಓಡಿಸಿ ತಂದರು. ಕೊನೆಗೆ ಪಂಪಿಗೆ ಬರುವ ಪೈಪನ್ನು ಕಳಚಿ ಬಾಯಿ ಮುಚ್ಚಿ, ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಉಳಿದ ಪೆಟ್ರೋಲು ತೀರಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಚಾಲೂ ಬಿಟ್ಟರು. ಈ ಕೊನೆಯ ಹಂತದ ಬಗ್ಗೆ ಬಲ್ಲವರಲ್ಲೂ ಒಮ್ಮತವಿಲ್ಲ. ಬಟ್ಟಲು ಒಣಗಿದರೆ ಗ್ಯಾಸ್ಕೆಟ್ ಸಂಕುಚಿಸಿ ಸೋರಿಕೆಯಾಗಬಹುದು ಎಂಬ ವಾದವಿದೆ. ನಾನು ಅದನ್ನೇ ಕೇಳಿದಾಗ, "ಗ್ಯಾಸ್ಕೆಟ್ ಹೋದರೆ ಹೊಸದು ಕತ್ತರಿಸಿ ಹಾಕಬಹುದು ಸ್ವಾಮಿ, ಜೆಟ್ಟಿನೊಳಗೆ ಅಂಟು ಕಟ್ಟಿದರೆ ಅದನ್ನು ಬಿಡಿಸೋದು ಕಷ್ಟ" ಎಂದರು. ಜೆಟ್ಟು ಎಂದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಹಾಯುವ ಸೂಕ್ಷ್ಮ ತೂತು. ಈ ಲೆಕ್ಕಾಚಾರ ನನಗೆ ಒಪ್ಪಿಗೆಯಾಯಿತು. ತೆಗೆದ ಹಳೆಯ ಪೈಪು, ಕ್ಲಿಪ್ಪುಗಳನ್ನು ಬಿಸಾಡದೆ ಚೀಟಿ ಕಟ್ಟಿ ವಾಪಸು ಕೊಟ್ಟದ್ದು ಇನ್ನೂ ಸಂತೋಷ. ಮೂಲರೂಪ ಉಳಿಸಿಕೊಂಡ, 50 ವರ್ಷ ಮೀರಿದ ವಾಹನಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ಪ್ರತ್ಯೇಕ ವಿಂಟೇಜ್ ನೋಂದಣಿಯ ನಿಯಮ ತಂದಿದೆ. ನಮ್ಮ ಕಾರಿಗೆ 2028ರಲ್ಲಿ 50 ತುಂಬುತ್ತದೆ. ಆ ದೃಷ್ಟಿಯಿಂದ ಕ್ಲಿಪ್ಪಿಗೂ ಬೆಲೆಯಿದೆ.

ಎಂಜಿನ್ ಆಯಿಲನ್ನು ಗಾಡಿ ಹೊರತೆಗೆಯುವಾಗ ಬದಲಿಸೋಣ ಎಂದು ಬಹಳ ಜನ ಯೋಚಿಸುತ್ತಾರೆ. ಬದಲಿಸಬೇಕಾದದ್ದು ನಿಲ್ಲಿಸುವ ಮೊದಲು. ಓಡಿದ ಆಯಿಲಿನಲ್ಲಿ ಉರಿದ ಇಂಧನದ ಆಮ್ಲ, ತೇವ ಸೇರಿರುತ್ತವೆ. ಅವು ತಿಂಗಳುಗಟ್ಟಲೆ ಬೇರಿಂಗುಗಳಿಗೆ ತಾಗಿಕೊಂಡಿದ್ದರೆ ಲೋಹವನ್ನು ಕೊರೆಯುತ್ತವೆ. ಇಲ್ಲಿ ಗಾಡಿ ಬಿಸಿಯಿದ್ದಾಗಲೇ ಆಯಿಲ್ ಇಳಿಸಿ ಹೊಸದು ತುಂಬಿದರು. ನಾಲ್ಕೂ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಚಮಚದಷ್ಟು ಆಯಿಲ್ ಬಿಟ್ಟು, ಟಾಪ್ ಗೇರಿಗೆ ಹಾಕಿ ಗಾಡಿಯನ್ನು ತುಸು ಹಿಂದೆಮುಂದೆ ತಳ್ಳಿ, ಒಳಗೋಡೆಗೆಲ್ಲ ಆಯಿಲ್ ಸವರಿಕೊಳ್ಳುವಂತೆ ಮಾಡಿದರು. ಆಮೇಲೆ ಪ್ಲಗ್ ಕೂರಿಸಿ, ಇನ್ನು ಯಾರೂ ಚಾಲೂ ಮಾಡಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದರು.

ವಾರಕ್ಕೊಮ್ಮೆ ಐದು ನಿಮಿಷ ಚಾಲೂ ಮಾಡಿ ಎಂಬ ಸಲಹೆಯನ್ನು ಕೊಡದ ನೆಂಟರಿಲ್ಲ, ಆದ್ದರಿಂದ ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆ. ಎಂಜಿನ್ನೂ ಸೈಲೆನ್ಸರೂ ಚೆನ್ನಾಗಿ ಬಿಸಿಯಾದರೆ ಆ ಆವಿ ಹೊರಹೋಗುತ್ತದೆ. ಐದು ನಿಮಿಷಕ್ಕೆ ನಿಲ್ಲಿಸಿದರೆ ಸೈಲೆನ್ಸರಿನೊಳಗೂ ಆಯಿಲಿನಲ್ಲೂ ನೀರಾಗಿ ಉಳಿಯುತ್ತದೆ. ತಣ್ಣಗಿನ ಎಂಜಿನ್ನಿಗೆ ಗಾಳಿ ಕಡಿಮೆ ಮಾಡಿ ಪೆಟ್ರೋಲು ಹೆಚ್ಚಿಸುವ ಚೋಕ್ ಎಳೆದು ಚಾಲೂ ಮಾಡಿದಾಗ ಹೆಚ್ಚಾದ ಪೆಟ್ರೋಲು ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದುಬಿಡುತ್ತದೆ. ಅರ್ಧ ಗಂಟೆ ರಸ್ತೆಯಲ್ಲಿ ಓಡಿಸುವ ಅನುಕೂಲವಿದ್ದರೆ ಓಡಿಸಬೇಕು, ಇಲ್ಲವಾದರೆ ಮುಟ್ಟದೆ ಬಿಡಬೇಕು.

ರೇಡಿಯೇಟರನ್ನು ಬಿಚ್ಚಿದಾಗ ಹೊರಬಂದ ಬಿಳಿ ಗಾರೆಯನ್ನು ನೋಡಿ ನನಗೆ ಗಾಬರಿಯಾಯಿತು. ವರ್ಷಗಟ್ಟಲೆ ಕೊಳವೆ ಬಾವಿಯ ನೀರು ಹುಯ್ದ ತುಮಕೂರಿನ ಯಾವ ಹಳೆಯ ಕಾರಿನಲ್ಲೂ ಇದೇ ಇರುತ್ತದಂತೆ. ಕೂಲಂಟ್ ಎಂದರೆ ಹಿಮದ ದೇಶದವರಿಗೆ ಬೇಕಾದದ್ದು, ನಮಗೇಕೆ ಎಂಬ ಭಾವನೆ ನಮ್ಮಲ್ಲಿದೆ. ನೀರು ಹೆಪ್ಪುಗಟ್ಟದಂತೆ ತಡೆಯುವುದು ಅದರ ಒಂದು ಕೆಲಸ. ತುಕ್ಕು ತಡೆಯುವುದು ಇನ್ನೊಂದು, ನಮಗೆ ಬೇಕಾದದ್ದು ಆ ಎರಡನೆಯದು. ಗಾರೆ ಕರಗಿಸುವ ದ್ರಾವಣದಿಂದ ಒಳಗೆಲ್ಲ ತೊಳೆದು, ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಬೆರೆಸಿ ತುಂಬಿದರು. ಕಾರು ಹೊರಬಂದ ಮೇಲೆ ದೇವರಾಯನದುರ್ಗದ ಏರಿನಲ್ಲೂ ಬಿಸಿಯ ಮುಳ್ಳು ಮಧ್ಯ ದಾಟಲಿಲ್ಲ.

ನಿಂತ ಗಾಡಿಗೆ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಅದನ್ನು ಸಡಿಲ ಬಿಟ್ಟು ಚಕ್ರಗಳಿಗೆ ಮರದ ಅಡ್ಡ ಕೊಟ್ಟರು. ಕ್ಲಚ್ ಪ್ಲೇಟು ಎಂಜಿನ್ನಿನೊಡನೆ ತಿರುಗುವ ಫ್ಲೈವೀಲಿಗೆ ಅಂಟದಂತೆ ಪೆಡಲನ್ನು ಒತ್ತಿಹಿಡಿಯುವ ಅಳತೆಯ ಕೋಲೊಂದನ್ನು ಸೀಟಿಗೆ ಆನಿಸಿದರು. ಬ್ರೇಕ್ ಆಯಿಲ್ ಕೂಡ ತೇವ ಹೀರುವ ವಸ್ತುವಾದ್ದರಿಂದ ಪೂರ್ತಿ ಬದಲಿಸಿದರು. ಮನೆಯ ಶೆಡ್ಡಿಗೇ ಬಂದು ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿದ ರೀತಿಯಲ್ಲಿ ಅವರ ಅನುಭವ ಕಾಣುತ್ತದೆ: ಬಾಡಿಯ ಕೆಳಗೆ ಆಧಾರ ಕೊಟ್ಟರೆ ಚಕ್ರಗಳು ಜೋತುಬಿದ್ದು ಸಸ್ಪೆನ್ಷನ್ನಿನ ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳು ತಿಂಗಳುಗಟ್ಟಲೆ ತಿರುಚಿಕೊಂಡೇ ಇರುತ್ತವೆ, ಆದ್ದರಿಂದ ಹಿಂದೆ ಆಕ್ಸಲ್ಲಿನ ಕೆಳಗೆ, ಮುಂದೆ ಕೆಳತೋಳುಗಳ ಕೆಳಗೆ ಆಧಾರ ಕೊಟ್ಟು, ಟೈರಿನ ಭಾರ ಮಾತ್ರ ಇಳಿಯುವಷ್ಟೇ ಎತ್ತಿದರು. ಬ್ಯಾಟರಿಯನ್ನು ತೆಗೆದು ತೋಟಕ್ಕೆ ಒಯ್ಯುವಂತೆ ಹೇಳಿದರು. ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, 12.4ಕ್ಕಿಂತ ಇಳಿಯಲು ಬಿಡಬಾರದು. ತಾನೇ ಕಡಿತಗೊಳ್ಳುವ ಚಿಕ್ಕ ಚಾರ್ಜರಿಗೆ ಆಗಾಗ ಹಾಕಿದ್ದರಿಂದ ಅದು ಕೆಡಲಿಲ್ಲ.

ಇನ್ನು ನನಗೆ ಒಪ್ಪಿಗೆಯಾಗದ ಸಂಗತಿಗಳು. ಗ್ಯಾರೇಜಿನವರೇ ಮಾರುವ ಬೆಳ್ಳಿ ಬಣ್ಣದ ನೈಲಾನ್ ಹೊದಿಕೆಯನ್ನು ದಯವಿಟ್ಟು ಕೊಳ್ಳಬೇಡಿ. ಹೊರಗೆ ಮಳೆಯಲ್ಲಿ ನಿಲ್ಲುವ ಗಾಡಿಗೆ ಅದು ಸರಿ. ಶೆಡ್ಡಿನೊಳಗೆ ಅದು ನೆಲದಿಂದೇಳುವ ತೇವವನ್ನು ಹಿಡಿದಿಟ್ಟು ಬಣ್ಣದ ಕೆಳಗೆ ಗುಳ್ಳೆ ಎಬ್ಬಿಸುತ್ತದೆ. ನಾನು ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಕಾರಿಗೆ ದರ್ಜಿಯಿಂದ ಹೊಲಿಸಿದ ಹತ್ತಿ ಬಟ್ಟೆಯ ಹೊದಿಕೆ ಹಾಕಿದೆ. ಇಲಿಗೆಂದು ಅವರು ಸೀಟಿನ ಕೆಳಗೆಲ್ಲ ನುಸಿಗುಳಿಗೆ ಹರಡಿದ್ದರು; ಅದರ ವಾಸನೆ ಇಂದಿಗೂ ಸೀಟು ಬಿಟ್ಟಿಲ್ಲ, ಮುಚ್ಚಿದ ಗಾಡಿಯಲ್ಲಿ ಅದರ ಆವಿ ಮಕ್ಕಳ ಆರೋಗ್ಯಕ್ಕೆ ಒಳ್ಳೆಯದೂ ಅಲ್ಲ. ನಿಜವಾಗಿ ಕೆಲಸಕ್ಕೆ ಬಂದದ್ದು ಸೈಲೆನ್ಸರಿನ ಬಾಯಿಗೂ ಏರ್ ಫಿಲ್ಟರಿನ ಮೂತಿಗೂ ಅವರೇ ಕಟ್ಟಿದ ಸಣ್ಣ ಕಣ್ಣಿನ ತಂತಿ ಜಾಲರಿ. ಗುಳಿಗೆ ಬೇಡ, ಜಾಲರಿ ಸಾಕು ಎಂದು ಮೊದಲೇ ಹೇಳಿ. ತೊಳೆಯುವ ಕೆಲಸವೂ ಅರೆಬರೆಯಾಗಿತ್ತು: ಮಡ್‌ಗಾರ್ಡಿನ ಒಳಮೂಲೆಯ ಕೆಮ್ಮಣ್ಣು ಹಾಗೇ ಉಳಿದಿತ್ತು, ಬಾಗಿಲುಗಳ ತಳದ ನೀರಿಳಿಯುವ ತೂತುಗಳನ್ನು ಯಾರೂ ಬಿಡಿಸಿರಲಿಲ್ಲ. ಪದ್ಮಿನಿಗೆ ತುಕ್ಕು ಹಿಡಿಯುವುದೇ ಈ ಜಾಗಗಳಲ್ಲಿ. ಅದನ್ನು ನಾನೇ ಕಡ್ಡಿ ಹಿಡಿದು ಮಾಡಿಕೊಳ್ಳಬೇಕಾಯಿತು.

ಹೊರತೆಗೆದಾಗ ಪ್ಲಗ್ ಬಿಚ್ಚಿ ಹೆಚ್ಚಾದ ಆಯಿಲ್ ಹೊರಹಾಕಿ, ಪೈಪು ಜೋಡಿಸಿ, ಬ್ಯಾಟರಿ ಕೂರಿಸಿದ ಮೇಲೆ ಎಂಜಿನ್ ಸ್ವಲ್ಪ ನೀಲಿ ಹೊಗೆ ಬಿಟ್ಟು ಹಿಡಿದುಕೊಂಡಿತು. ಬ್ರೇಕ್ ಕಚ್ಚಿರಲಿಲ್ಲ, ಕ್ಲಚ್ ಅಂಟಿರಲಿಲ್ಲ, ಟೈರುಗಳು ಚಪ್ಪಟೆಯಾಗಿರಲಿಲ್ಲ. ಕಾರ್ಬ್ಯುರೇಟರಿನ ಒಂದು ಗ್ಯಾಸ್ಕೆಟ್ ಮಾತ್ರ ಸೋರಿತು. ಮೇಸ್ತ್ರಿಯವರು ಬಂದು ಹಣ ಪಡೆಯದೆ ಬದಲಿಸಿಕೊಟ್ಟರು.

ಸಾಮಾನಿನ ಬೆಲೆಗಿಂತ ಕೂಲಿಯೇ ಹೆಚ್ಚಾಯಿತು, ಆದರೆ ಈ ಕೆಲಸಕ್ಕೆ ಹಿಡಿಯುವ ಹೊತ್ತನ್ನು ನೋಡಿದರೆ ಅದು ದುಬಾರಿಯಲ್ಲ. ಬಿಲ್ಲಿನಲ್ಲಿ ಎಲ್ಲವನ್ನೂ ಒಂದೇ ಮೊತ್ತವಾಗಿ ಬರೆಯುವ ಅಭ್ಯಾಸ ಅವರಿಗಿದೆ; ಆಯಿಲ್, ಕೂಲಂಟ್, ಪೈಪು, ಕೂಲಿ ಎಂದು ಬೇರೆಬೇರೆಯಾಗಿ ಬರೆಸಿಕೊಳ್ಳಿ. ಜಾಗ ಚಿಕ್ಕದಾದ್ದರಿಂದ ಒಮ್ಮೆಗೆ ಒಂದೇ ಗಾಡಿ ಹಿಡಿಯುತ್ತಾರೆ. ಆಯುಧಪೂಜೆಯ ವಾರದಲ್ಲಿ ಲಾರಿಯವರ ಕೆಲಸ ಮುಗಿಬೀಳುವುದರಿಂದ ಮಹಾಲಯಕ್ಕೆ ಮೊದಲೇ ಹೋಗಿ ಮಾತಾಡಿ, ಗಾಡಿಯನ್ನು ಹಬ್ಬ ಕಳೆದ ಮೇಲೆ, ಮಳೆ ಹಿಂದಾದ ಒಣ ದಿನ ನೋಡಿ ಬಿಡುವುದು ಅನುಕೂಲ.